ಸೋಡಾ ಘಟಕದಲ್ಲಿ 1 ಲೀಟರ್ ಪಾನೀಯಕ್ಕೆ 3 ಲೀಟರ್ ನೀರು ಯಾಕೆ ಬೇಕಾಗುತ್ತದೆ? ರಾಯಚೂರಿನಂಥ ಕಡೆ ಬೋರ್‌ವೆಲ್ ನೀರು ಉಳಿಸುವುದು ಹೇಗೆ?

ಹೆಚ್ಚುವರಿ ನೀರು ಹೋಗುವುದು ಮುಖ್ಯವಾಗಿ ಎರಡು ಕಡೆ: ಗಾಜಿನ ಬಾಟಲಿ ತೊಳೆಯುವುದಕ್ಕೆ, ಮತ್ತು ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ಉಪ್ಪುನೀರಿಗೆ. ಮೊದಲು ಬಾಟಲಿ ತೊಳೆಯುವುದನ್ನು ಸರಿಪಡಿಸಿ, ಖರ್ಚು ಕಡಿಮೆ.

ಕೊನೆಯ ಸಲ ಜಾಲಿಸಿದ ನೀರು ಬಹುಮಟ್ಟಿಗೆ ಶುದ್ಧವೇ, ಬಾಟಲಿ ತೊಳೆಯಲು ಬಳಸಿದ ಕಾಸ್ಟಿಕ್ ಸೋಡಾದ ಅಂಶ ಒಂದಿಷ್ಟು ಇರುತ್ತದೆ ಅಷ್ಟೇ. ಅದನ್ನು ಮೋರಿಗೆ ಬಿಡದೆ ತೊಟ್ಟಿಯಲ್ಲಿ ಹಿಡಿದು, ಸಣ್ಣ ಪಂಪಿನಿಂದ ಕೊಳೆ ಬಾಟಲಿಗಳ ಮೊದಲ ತೊಳೆತಕ್ಕೆ ಕೊಡಿ. ಹೊಸ ನೀರು ಕೊನೆಯ ಹಂತಕ್ಕೆ ಮಾತ್ರ. ಅಲ್ಲಿ ನೀರು ಕಡಿಮೆ ಮಾಡುವಾಗ, ತೊಳೆದ ಬಾಟಲಿಯೊಂದರಲ್ಲಿ ಉಳಿದ ನೀರಿಗೆ ಎರಡು ಹನಿ ಫಿನಾಫ್ತಲೀನ್ (ಕ್ಷಾರ ಇದೆಯೇ ಎಂದು ತೋರಿಸುವ ದ್ರಾವಣ) ಹಾಕಿ ನೋಡಿ. ಗುಲಾಬಿ ಬಣ್ಣ ಬಂದರೆ ಕಾಸ್ಟಿಕ್ ಉಳಿದಿದೆ; ನೀರು ಹೆಚ್ಚಿಸಲೇಬೇಕು. ಪರೀಕ್ಷೆಯ ಬಾಟಲಿಯನ್ನು ತುಂಬಬೇಡಿ.

ಆರ್‌ಒ ಯಂತ್ರದಿಂದ ಉಪ್ಪುನೀರು ಹೊರಬಿಡುವ ರಿಜೆಕ್ಟ್ ವಾಲ್ವ್ ಬಿಗಿಮಾಡಿ ನೀರು ಉಳಿಸಲು ಹೋಗಬೇಡಿ. ಟಿಡಿಎಸ್, ಅಂದರೆ ಕರಗಿದ ಲವಣ, ಲೀಟರಿಗೆ 1000 ಮಿಲಿಗ್ರಾಂ ಇರುವ ನೀರಿನಲ್ಲಿ ಅರ್ಧ ಹೊರಬಿಟ್ಟರೆ ಆ ಅರ್ಧದಲ್ಲಿ ಸುಮಾರು 2000 ಆಗುತ್ತದೆ. ಕಾಲುಭಾಗ ಮಾತ್ರ ಬಿಟ್ಟರೆ 4000. ಆಗ ಸುಣ್ಣ ಯಂತ್ರದ ಮೆಂಬ್ರೇನ್ (ನೀರು ಸೋಸುವ ಪೊರೆ) ಮೇಲೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಈ ಉಪ್ಪುನೀರನ್ನು ನೆಲ ತೊಳೆಯಲು, ಶೌಚಾಲಯಕ್ಕೆ ಬಳಸಿ. ಗಿಡಗಳಿಗೆ ಮಾತ್ರ ಬೇಡ: ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ, ಉಪ್ಪು ಬೇರಿನ ಹತ್ತಿರವೇ ಉಳಿಯುತ್ತದೆ.