ತಮ್ಮಾ, ಮೊದಲು ಲೈಬ್ರರಿ ಕಾರ್ಡ್ ಮಾಡಿಸು

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ಬಾಸ್ಟನ್‌ಗೆ ಬಂದು ಆರು ತಿಂಗಳಾಯಿತು, ಕೆಲಸಕ್ಕೆ ತೊಂದರೆಯಿಲ್ಲ, ಅಡುಗೆಯೂ ಕೈಗೆ ಹತ್ತಿದೆ, ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಆಫೀಸಿನವರೆಲ್ಲ ಬೇಸ್‌ಬಾಲ್ ಮಾತಾಡುತ್ತಾರೆ, ನಾನು ಸುಮ್ಮನೆ ತಲೆಯಾಡಿಸಿಕೊಂಡು ಕೂತಿರುತ್ತೇನೆ ಅಂತ ಬರೆದಿದ್ದೀಯ. "ಅಕ್ಕಾ, ಈ ಊರು ನಮ್ಮದು ಅನ್ನಿಸೋಕೆ ಎಷ್ಟು ವರ್ಷ ಬೇಕು?" ಅಂತ ಕೇಳಿದ್ದೀಯ. ಕಾರು, ಬಾಡಿಗೆ, ಚಳಿಗಾಲದ ಬೂಟು, ಇವುಗಳ ಬಗ್ಗೆ ನಿನಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಪುಸ್ತಕದ ವಿಷಯ ಹೇಳುತ್ತೇನೆ. ನನಗೆ ಈ ಊರಿನ ಬಾಗಿಲು ತೆರೆದದ್ದು ಬೇಸ್‌ಬಾಲ್ ಪುಸ್ತಕಗಳು.

ನಾನು ಬಂದದ್ದು 1991ರಲ್ಲಿ. ಟಿವಿಯಲ್ಲಿ ಆಟ ನೋಡಿದರೆ ಏನೂ ಹತ್ತುತ್ತಿರಲಿಲ್ಲ. ಒಬ್ಬ ಎಸೆಯುತ್ತಾನೆ, ಒಬ್ಬ ಬೀಸುತ್ತಾನೆ, ಚೆಂಡು ತಾಗುವುದೇ ಇಲ್ಲ, ಆಮೇಲೆ ಎಲ್ಲರೂ ನಿಂತುಕೊಂಡು ಉಗುಳುತ್ತಾರೆ. ಹಾಸನದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವಳಿಗೆ ಇದೆಂಥ ಆಟ ಅನ್ನಿಸಿತ್ತು. ಪಕ್ಕದ ಮನೆಯಲ್ಲಿ ಅಂಚೆ ಬಟವಾಡೆ ಮಾಡುವ ಒಬ್ಬರಿದ್ದರು. ಬೇಸಿಗೆಯ ಸಂಜೆ ಜಗಲಿಯ ಮೇಲೆ ರೇಡಿಯೋ ಹಚ್ಚಿ, ತೊಡೆಯ ಮೇಲೆ ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡು, ಮೊಂಡು ಪೆನ್ಸಿಲಿನಲ್ಲಿ ಏನೋ ಗುರುತು ಹಾಕುತ್ತಿರುತ್ತಿದ್ದರು. ಒಂದು ದಿನ ಬೇಲಿಯ ಹತ್ತಿರ ನಿಂತು ಇಣುಕಿದೆ. ಕರೆದು ಕೂರಿಸಿಕೊಂಡರು.

ಆ ಪುಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದಕ್ಕೂ ಅಡ್ಡಕ್ಕೂ ಚೌಕಗಳು, ಪ್ರತಿ ಚೌಕದೊಳಗೆ ಒಂದು ಪುಟ್ಟ ವಜ್ರಾಕೃತಿ. ಒಂದು ಚೌಕದಲ್ಲಿ 6-4-3 ಅಂತ ಬರೆದಿದ್ದರು. ಮೈದಾನದಲ್ಲಿರುವ ಒಂಬತ್ತು ಜನರಿಗೂ ಒಂದೊಂದು ಸಂಖ್ಯೆ: ಚೆಂಡು ಎಸೆಯುವ ಪಿಚರ್ 1, ಅವನೆದುರು ಕೂತು ಹಿಡಿಯುವ ಕ್ಯಾಚರ್ 2, ಹೀಗೆ. ಶಾರ್ಟ್‌ಸ್ಟಾಪ್ ಅನ್ನುವವನು 6. ಓಡುವವರು ಮುಟ್ಟಬೇಕಾದ ಗುರುತಿಗೆ ಬೇಸ್ ಅಂತಾರೆ. ಅವನು ಚೆಂಡು ಹಿಡಿದು ಎರಡನೇ ಬೇಸಿನವನಿಗೆ (4) ಎಸೆದ, ಅವನು ಮೊದಲನೇ ಬೇಸಿನವನಿಗೆ (3) ಎಸೆದ, ಇಬ್ಬರು ಔಟ್. ಇಷ್ಟೂ ಕಥೆ ಮೂರು ಅಂಕಿಯಲ್ಲಿ. ಇನ್ನೊಂದು ಚೌಕದಲ್ಲಿ ಇಂಗ್ಲಿಷಿನ ಕೆ ಅಕ್ಷರ, ಅಂದರೆ ಹೊಡೆಯಬೇಕಾದ ಎಸೆತಗಳನ್ನು ಹೊಡೆಯಲಾಗದೆ ಮೂರು ಸ್ಟ್ರೈಕಿಗೆ ಔಟ್. ಮತ್ತೊಂದರಲ್ಲಿ ಅದೇ ಕೆ ತಿರುವುಮುರುವಾಗಿ. ಅವನು ಬ್ಯಾಟು ಬೀಸದೆ ನೋಡುತ್ತಲೇ ನಿಂತು ಔಟಾದ ಅಂತ ಅರ್ಥ. ಹತ್ತು ವರ್ಷ ಬಿಟ್ಟು ಆ ಪುಟ ತೆರೆದರೂ ಅವತ್ತಿನ ಆಟ ಮತ್ತೆ ನಡೆಯುತ್ತದೆ. ಓದಲು ಬರುವ ಆಟ ಇದು, ತಮ್ಮಾ.

ಇದನ್ನು ರೂಪಿಸಿದವನು ಯಾರು ಗೊತ್ತೇ? ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ ಹುಡುಗನಿದ್ದಾಗಲೇ ಇಲ್ಲಿಗೆ ಬಂದವನು, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವನು. 1856ರಲ್ಲಿ ಒಂದು ಕ್ರಿಕೆಟ್ ಪಂದ್ಯ ಮುಗಿಸಿ ಹೊರಟಾಗ ಬೇಸ್‌ಬಾಲ್ ಕಣ್ಣಿಗೆ ಬಿತ್ತು, ಮನಸ್ಸು ಅಲ್ಲೇ ನಿಂತಿತು. ಕ್ರಿಕೆಟ್ಟಿನ ಸ್ಕೋರ್ ಕಾರ್ಡನ್ನೇ ಹದ ಮಾಡಿ ಬೇಸ್‌ಬಾಲಿಗೆ ಒಗ್ಗಿಸಿದ. ಪರದೇಶದಿಂದ ಬಂದ ಕ್ರಿಕೆಟ್‌ನವನು ಈ ಆಟಕ್ಕೆ ಲಿಪಿ ಕೊಟ್ಟ ಅಂತ ತಿಳಿದ ದಿನ ನನಗೆ ಎಷ್ಟು ಧೈರ್ಯ ಬಂತು ಅಂತೀಯ! ಇವರ ಆಟದೊಳಗೆ ನಮ್ಮಂಥವರಿಗೂ ಜಾಗವಿದೆ ಅನ್ನಿಸಿಬಿಟ್ಟಿತು.

ಈಗ ಪುಸ್ತಕಗಳಿಗೆ ಬರುತ್ತೇನೆ. ಶನಿವಾರ ಕಾಪ್ಲಿ ಸ್ಕ್ವೇರ್‌ನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗು. ಮ್ಯಾಸಚೂಸೆಟ್ಸ್‌ನಲ್ಲಿ ವಾಸವಾಗಿರುವ ಯಾರಿಗಾದರೂ ಕಾರ್ಡ್ ಉಚಿತ. ಮೊದಲು ಡೋರಿಸ್ ಕರ್ನ್ಸ್ ಗುಡ್ವಿನ್ ಬರೆದ 'ವೇಟ್ ಟಿಲ್ ನೆಕ್ಸ್ಟ್ ಇಯರ್' ಕೇಳು. ಆಕೆ ಅಧ್ಯಕ್ಷರುಗಳ ಜೀವನಚರಿತ್ರೆ ಬರೆದ ದೊಡ್ಡ ಇತಿಹಾಸಕಾರ್ತಿ, ಆದರೆ ಈ ಪುಸ್ತಕ ಆಕೆಯ ಬಾಲ್ಯದ್ದು. ಆರು ವರ್ಷದ ಹುಡುಗಿಗೆ ಅಪ್ಪ ಕೆಂಪು ರಟ್ಟಿನ ಸ್ಕೋರ್ ಪುಸ್ತಕ ತಂದುಕೊಡುತ್ತಾನೆ. ಅವಳು ಮಧ್ಯಾಹ್ನವೆಲ್ಲ ರೇಡಿಯೋದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಆಟ ಕೇಳಿ ಬರೆದಿಡುತ್ತಾಳೆ, ಸಂಜೆ ಅಪ್ಪ ಕೆಲಸದಿಂದ ಬಂದಾಗ ಒಂದೊಂದೇ ಚೆಂಡು ಬಿಡಿಸಿ ಹೇಳುತ್ತಾಳೆ. ಇದೆಲ್ಲ ಮಾರನೆಯ ದಿನ ಪೇಪರಿನಲ್ಲಿ ಬರುತ್ತದೆ ಅಂತ ಅಪ್ಪ ಹೇಳುವುದೇ ಇಲ್ಲ. ತಾನು ಹೇಳದಿದ್ದರೆ ಅಪ್ಪನಿಗೆ ಗೊತ್ತೇ ಆಗುವುದಿಲ್ಲ ಅಂದುಕೊಂಡು ಅವಳು ಹೇಳುತ್ತಾ ಹೋಗುತ್ತಾಳೆ.

ನಮ್ಮಪ್ಪನಿಗೆ ಬಟ್ಟೆ ಅಂಗಡಿ ಇತ್ತು ಅಂತ ನಿನಗೆ ಗೊತ್ತಲ್ಲ. ಅಂಗಡಿಯಲ್ಲಿ ರೇಡಿಯೋ ಇರಲಿಲ್ಲ. 1974ರಲ್ಲಿ, ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ನಮ್ಮ ಕರ್ನಾಟಕ ಸೆಮಿಫೈನಲ್‌ನಲ್ಲಿ ಸೋಲಿಸಿದಾಗ, ಸ್ಕೂಲಿಂದ ಬಂದು ಕಿವಿಗೆ ಬಿದ್ದಷ್ಟನ್ನು ರಫ್ ನೋಟಿನ ಹಿಂದೆ ಗೀಚಿ ಇಡುತ್ತಿದ್ದೆ. ರಾತ್ರಿ ಅಪ್ಪ ಅಂಗಡಿ ಬಾಗಿಲು ಹಾಕಿಕೊಂಡು ಬಂದು, ಕಾಲು ತೊಳೆದು, ತಟ್ಟೆ ಮುಂದೆ ಕೂತು "ಹೇಳವ್ವ" ಅನ್ನುತ್ತಿದ್ದರು. ಗುಡ್ವಿನ್ ಪುಸ್ತಕ ಬಂದದ್ದು 1997ರಲ್ಲಿ. ಆ ಪುಟ ಓದಿದ ರಾತ್ರಿ ಪುಸ್ತಕ ಮಡಚಿಟ್ಟು ಅಪ್ಪನಿಗೆ ಪತ್ರ ಬರೆದೆ. ಪೇಟೆಯಲ್ಲಿ ಯಾರೋ ಮೊದಲೇ ಸ್ಕೋರು ಹೇಳಿರುತ್ತಿದ್ದರಾ ಅಂತ ಕೇಳಿದೆ. ಅದಕ್ಕೆ ಅವರು ಉತ್ತರ ಬರೆಯಲಿಲ್ಲ. ಮಿಕ್ಕಿದ್ದಕ್ಕೆಲ್ಲ ಬರೆದಿದ್ದರು.

ಎರಡನೆಯದು ಪುಸ್ತಕವಲ್ಲ, ಒಂದೇ ಸಲ ಕೂತು ಓದಿ ಮುಗಿಸುವ ಪ್ರಬಂಧ. ಜಾನ್ ಅಪ್‌ಡೈಕ್ ಬರೆದದ್ದು, 1960ರ ಅಕ್ಟೋಬರಿನಲ್ಲಿ 'ದಿ ನ್ಯೂಯಾರ್ಕರ್' ವಾರಪತ್ರಿಕೆಯಲ್ಲಿ ಬಂತು. ಇಲ್ಲಿನ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ ತನ್ನ ತಂಡದ ಮೈದಾನವಾದ ಫೆನ್ವೇ ಪಾರ್ಕಿನಲ್ಲಿ ಕೊನೆಯ ಸಲ ಬ್ಯಾಟ್ ಹಿಡಿದ ದಿನದ ಕಥೆ. ಬೇಸ್‌ಬಾಲಿನಲ್ಲಿ ಹತ್ತರಲ್ಲಿ ಮೂರು ಸಲ ಸರಿಯಾಗಿ ಹೊಡೆದರೆ ದೊಡ್ಡ ಆಟಗಾರ, ತಿಳಿದಿರಲಿ. ವಿಲಿಯಮ್ಸ್ 1941ರಲ್ಲಿ ನಾಲ್ಕಕ್ಕಿಂತ ಒಂದು ಕೂದಲು ಹೆಚ್ಚು ಹೊಡೆದ. ಆಮೇಲೆ ಅಮೆರಿಕನ್, ನ್ಯಾಷನಲ್ ಅನ್ನುವ ಇಲ್ಲಿನ ಎರಡು ದೊಡ್ಡ ಲೀಗುಗಳ ಯಾವ ಆಟಗಾರನಿಗೂ ಅದು ಸಾಧ್ಯವಾಗಿಲ್ಲ. 1960ರ ಸೆಪ್ಟೆಂಬರ್ 28ರಂದು ಆಟ ನೋಡಲು ಬಂದವರು ಬರೀ 10,454 ಜನ. ಕೊನೆಯ ಸರದಿಯಲ್ಲಿ ಹೋಮ್ ರನ್ ಹೊಡೆದ, ನಮ್ಮ ಸಿಕ್ಸರಿನ ಹಾಗೆ. ಜನ ಕೂಗಿ ಕರೆದರೂ ಹೊರಗೆ ಬಂದು ಟೋಪಿ ಎತ್ತಲಿಲ್ಲ. ಅಷ್ಟೇ ವಿಷಯ. ಆದರೆ ಅದನ್ನು ಓದಿ ಫೆನ್ವೇಗೆ ಹೋದರೆ ಮೈದಾನದ ಎಡಗಡೆಯ ಆ ಎತ್ತರದ ಹಸಿರು ಗೋಡೆ ಬೇರೆಯೇ ಥರ ಕಾಣುತ್ತದೆ.

ರೋಜರ್ ಕಾನ್ ಅವರ 'ದಿ ಬಾಯ್ಸ್ ಆಫ್ ಸಮ್ಮರ್' ಸ್ವಲ್ಪ ಭಾರದ ಪುಸ್ತಕ, ಆದರೆ ಬಿಡಬೇಡ. 1947ರಲ್ಲಿ ಜಾಕಿ ರಾಬಿನ್ಸನ್ ಅನ್ನುವ ಕಪ್ಪು ಆಟಗಾರ ಅದೇ ಬ್ರೂಕ್ಲಿನ್ ತಂಡಕ್ಕೆ ಆಡಿ, ದೊಡ್ಡ ಲೀಗುಗಳಲ್ಲಿ ಕಪ್ಪು ಜನರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದ. ಆ ತಂಡದವರು ಆಟ ಬಿಟ್ಟ ಮೇಲೆ ಏನಾದರು ಅಂತ ಕಾನ್ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುತ್ತಾರೆ. ಕ್ಯಾಚರ್ ರಾಯ್ ಕ್ಯಾಂಪನೆಲ್ಲಾ ಕಾರು ಅಪಘಾತದ ನಂತರ ಗಾಲಿಕುರ್ಚಿಯಲ್ಲಿ. ಕಾರ್ಲ್ ಫುರಿಲ್ಲೋ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟುವಾಗ ಲಿಫ್ಟ್ ಕೂರಿಸುವ ಕೆಲಸದಲ್ಲಿ. ನೀನಿರುವ ಊರಿನ ಕಥೆಯೂ ತಿಳಿದಿರಬೇಕು: ಅದೇ ರಾಬಿನ್ಸನ್‌ನನ್ನು 1945ರಲ್ಲಿ ಫೆನ್ವೇಗೆ ಕರೆಸಿ ಆಡಿಸಿ ನೋಡಿ ವಾಪಸ್ ಕಳಿಸಿದರು. ಕಪ್ಪು ಆಟಗಾರನನ್ನು ಎಲ್ಲರಿಗಿಂತ ಕೊನೆಗೆ, 1959ರಲ್ಲಿ, ಕಣಕ್ಕಿಳಿಸಿದ ತಂಡ ರೆಡ್ ಸಾಕ್ಸ್. ಇಲ್ಲಿನ ಹಿರಿಯರು ಕೆಲವು ಹೆಸರು ಬಂದಾಗ ಯಾಕೆ ಮಾತು ನಿಲ್ಲಿಸುತ್ತಾರೆ ಅನ್ನುವುದು ನನಗೆ ಗೊತ್ತಾದದ್ದು ಓದಿದ ಮೇಲೆ.

ರೋಜರ್ ಏಂಜೆಲ್ ಬೇಸ್‌ಬಾಲ್ ಬಗ್ಗೆ ಬರೆದದ್ದು ಏನು ಸಿಕ್ಕರೂ ತಗೋ. ಲೆಕ್ಕ ಇಷ್ಟಪಡುವವನು ನೀನು, ಅಂಕಿಅಂಶ ನೋಡಿ ತಂಡ ಕಟ್ಟಿದ ಕಥೆಯಾದ 'ಮನಿಬಾಲ್' ಆಮೇಲೆ ಓದಿದರೆ ಸಾಕು. ಅದು ತಲೆಗೆ ರುಚಿಸುತ್ತದೆ, ಆದರೆ ಮೊದಲು ಮನಸ್ಸು ಹತ್ತಬೇಕು.

ಇದೆಲ್ಲ ಓದಿ ಆದದ್ದೇನು ಅಂತ ಕೇಳುತ್ತೀಯ. 2004ರ ಕಥೆ ಹೇಳುತ್ತೇನೆ. ಅದಕ್ಕೆ ಮುಂಚೆ ರೆಡ್ ಸಾಕ್ಸ್ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಪ್ರಶಸ್ತಿ ಸರಣಿ, ಗೆದ್ದಿದ್ದು 1918ರಲ್ಲಿ. 1946, 1967, 1975, 1986 ಹೀಗೆ ನಾಲ್ಕು ಸಲ ಹತ್ತಿರ ಬಂದು, ನಾಲ್ಕು ಸಲವೂ ಕೊನೆಯ, ಏಳನೆಯ ಪಂದ್ಯದಲ್ಲಿ ಸೋತರು. ನಮ್ಮ ಅಂಚೆಯವರ ಅಪ್ಪ 1920ರಲ್ಲಿ ಹುಟ್ಟಿ, ಒಂದೇ ಒಂದು ಗೆಲುವನ್ನೂ ಕಾಣದೆ 1999ರಲ್ಲಿ ತೀರಿಕೊಂಡಿದ್ದರು. 2004ರ ಅಕ್ಟೋಬರ್ 27ರ ರಾತ್ರಿ ರೆಡ್ ಸಾಕ್ಸ್ ಗೆದ್ದರು. ಚಂದ್ರನಿಗೆ ಖಗ್ರಾಸ ಗ್ರಹಣ ಹಿಡಿದಿತ್ತು, ಕೊನೆಯ ಔಟ್ ಆಗುವಾಗ ಇನ್ನೂ ಬಿಟ್ಟಿರಲಿಲ್ಲ. ಬೀದಿಯಲ್ಲೆಲ್ಲ ಕಾರಿನ ಹಾರನ್ನು. ಬೆಳಗ್ಗೆ ಅಂಚೆಯವರು ಎರಡು ಪೇಪರು ಕೊಂಡು ತಂದರು. ಒಂದನ್ನು ಮೇಜಿನ ಮೇಲಿಟ್ಟು, ಇನ್ನೊಂದನ್ನು ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾರು ಹತ್ತಿದರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. "ನಾನೂ ಬರಲಾ?" ಅಂದೆ. ಸ್ಮಶಾನದಲ್ಲಿ ಆ ದಿನ ನಮ್ಮ ಹಾಗೆ ಪೇಪರು ಹಿಡಿದು ಬಂದವರು ಇನ್ನೂ ಇದ್ದರು. ಅಂಚೆಯವರು ತಮ್ಮ ಅಪ್ಪನ ಸಮಾಧಿ ಕಲ್ಲಿನ ಮುಂದೆ ಪೇಪರು ಬಿಡಿಸಿ, ಸ್ಕೋರ್ ಇರುವ ಪುಟವನ್ನು ಮೇಲೆ ಮಾಡಿ ಇಟ್ಟು, ಹಾರದ ಹಾಗೆ ಒಂದು ಕಲ್ಲು ಹೇರಿದರು.

ಊರು ನಮ್ಮದು ಅನ್ನಿಸೋಕೆ ಎಷ್ಟು ವರ್ಷ ಅಂದೆಯಲ್ಲ, ನನಗೆ ಹದಿಮೂರು ಆಯಿತು.

ಈಗ ಹೊರಗೆ ಹಿಮ ಇದೆ, ಆಟ ಶುರುವಾಗುವುದು ಮಾರ್ಚ್ ಕೊನೆಗೆ. ಅಷ್ಟರಲ್ಲಿ ಗುಡ್ವಿನ್ ಮುಗಿಸು. ಏಪ್ರಿಲ್‌ನಲ್ಲಿ ಒಂದು ಭಾನುವಾರ ನಮ್ಮ ಮನೆಗೆ ಬಾ, ಚಿತ್ರಾನ್ನ ಮಾಡಿರುತ್ತೇನೆ. ರೇಡಿಯೋ ಹಚ್ಚಿಕೊಂಡು ಜಗಲಿಯ ಮೇಲೆ ಕೂತು 6-4-3 ಬರೆಯುವುದು ಹೇಳಿಕೊಡುತ್ತೇನೆ. ಪೆನ್ಸಿಲು ನನ್ನ ಹತ್ತಿರವೇ ಇದೆ, ರಬ್ಬರು ಮಾತ್ರ ನೀನು ತಗೊಂಡು ಬಾ.

ನಿನ್ನ ಅಕ್ಕ