ಓದುವ ಅವಧಿಯನ್ನು ಡಿವೈಸ್ ಟ್ರೀಯಲ್ಲಿ ಬರೆದರೆ ತಪ್ಪೇನು?

ಮಲ್ಪೆಯ ದೋಣಿಗಳಿಗೆಂದು ಮಾಡಿದ ನೀರಿನ ಮಟ್ಟದ ಸೆನ್ಸರಿಗೆ ಲಿನಕ್ಸ್ ಡ್ರೈವರ್ ಬರೆದಿದ್ದೀರಿ. ಡಿವೈಸ್ ಟ್ರೀ ಎಂದರೆ ಬೋರ್ಡಿನಲ್ಲಿ ಯಾವ ಹಾರ್ಡ್‌ವೇರ್ ಹೇಗೆ ಜೋಡಿಸಿದೆ ಎಂಬ ವಿವರ; ಅದನ್ನು ಬರೆಯುವ ನಿಯಮಗಳಿರುವುದು ಬೈಂಡಿಂಗ್ ಕಡತದಲ್ಲಿ. ಆ ಕಡತದಲ್ಲಿ ‘ಐದು ಸೆಕೆಂಡಿಗೊಮ್ಮೆ ಓದು’ ಎಂಬ ಪ್ರಾಪರ್ಟಿ ಇಟ್ಟದ್ದಕ್ಕೆ ಪರಿಶೀಲಕರು ಒಪ್ಪಲಿಲ್ಲ, ಏಕೆ ಎಂದು ಕೇಳಿದ್ದೀರಿ.

ಅವರು ಹೇಳಿದ್ದೇ ಸರಿ. ಬೈಂಡಿಂಗ್ ವಿವರಿಸಬೇಕಾದದ್ದು ಹಾರ್ಡ್‌ವೇರ್ ಹೇಗಿದೆ ಎಂಬುದನ್ನು, ನೀವು ಅದನ್ನು ಹೇಗೆ ದುಡಿಸುತ್ತೀರಿ ಎಂಬುದನ್ನಲ್ಲ. ಇದೇ ಚಿಪ್ಪನ್ನು ನಾಳೆ ಯಾರೋ ಕಾರ್ಕಳದ ಬಾವಿಗೆ ಇಳಿಬಿಟ್ಟರೆ ಗಂಟೆಗೊಮ್ಮೆ ಓದಿದರೂ ಸಾಕು. ಚಿಪ್ಪೂ ಅದೇ, ಬೆಸುಗೆಯೂ ಅದೇ. ಬದಲಾದದ್ದು ಬಳಸುವವನ ಅಗತ್ಯ. ಹಾಗಾಗಿ ಅವಧಿಯನ್ನು ಸಿಸ್‌ಎಫ್‌ಎಸ್ (ಓಡುತ್ತಿರುವ ಲಿನಕ್ಸಿನಲ್ಲೇ ಸೆಟ್ಟಿಂಗ್ ಬದಲಿಸಲು ಬಿಡುವ ಕಡತಗಳು) ಮೂಲಕ ಅವನ ಕೈಗೇ ಕೊಡಿ. ಐ2ಸಿ (ಚಿಪ್ಪುಗಳನ್ನು ಜೋಡಿಸುವ ಎರಡು ತಂತಿಯ ಸಂಪರ್ಕ) ವಿಳಾಸ, ಇಂಟರಪ್ಟ್ ತಂತಿ, ವಿದ್ಯುತ್ ಬರುವ ರೆಗ್ಯುಲೇಟರ್ ಇವು ಕಡತದಲ್ಲೇ ಇರಲಿ. ಬೋರ್ಡಿನ ಮೇಲೆ ಬೆಸೆದ ರೆಸಿಸ್ಟರಿನ ರೋಧದ ಮೌಲ್ಯವೂ ಇರಲಿ, ಆದರೆ ಪ್ರಾಪರ್ಟಿಯ ಹೆಸರಿನ ಕೊನೆಗೆ ‘-ಓಮ್ಸ್’ ಎಂದು ಮಾನವನ್ನು ಸೇರಿಸಿ.

ಬೈಂಡಿಂಗಿನ ವಿವರಣೆಯಲ್ಲಿ ‘ಡ್ರೈವರ್’ ಎಂಬ ಪದ ನುಸುಳಿದ್ದರೆ ಆ ಸಾಲನ್ನು ಅನುಮಾನಿಸಿ. ಇದೇ ವಿವರವನ್ನು ಲಿನಕ್ಸ್ ಅಲ್ಲದ ಯು-ಬೂಟ್, ಫ್ರೀಬಿಎಸ್‌ಡಿಗಳೂ ಓದುತ್ತವೆ. ಅವುಗಳಿಗೆ ನಿಮ್ಮ ಡ್ರೈವರಿನ ಗೊಡವೆ ಏಕೆ?

ಬೈಂಡಿಂಗನ್ನು ಪ್ರತ್ಯೇಕ ಪ್ಯಾಚಾಗಿ (ಬದಲಾವಣೆಯ ಕಂತಾಗಿ), ಡ್ರೈವರಿಗಿಂತ ಮುಂಚೆ ಇಡಿ. ಕಳುಹಿಸುವ ಮೊದಲು ‘ಮೇಕ್ ಡಿಟಿ_ಬೈಂಡಿಂಗ್_ಚೆಕ್’ ಎಂಬ ತಪಾಸಣೆಯ ಆಜ್ಞೆ ಓಡಿಸಿ. ಕಡತದ ಉದಾಹರಣೆಯನ್ನೂ ಅದು ಕಂಪೈಲ್ ಮಾಡಿ ನೋಡುತ್ತದೆ. ಬೈಂಡಿಂಗ್ ಬರೆಯುವುದು ಯಾಮಲ್ ಎಂಬ ಪಠ್ಯರೂಪದಲ್ಲಿ. ಯಾಮಲ್‌ನಲ್ಲಿ ಸಾಲಿನ ಆರಂಭಕ್ಕೆ ಟ್ಯಾಬ್ ಒತ್ತಬೇಡಿ. ಆಟಿಯ ಮಳೆಯಲ್ಲಿ, ಕರೆಂಟು ಹೋಗಿ ಬರುತ್ತಿದ್ದ ಒಂದು ಸಂಜೆ ಪೂರ್ತಿ ನಾನು ಹುಡುಕಿದ ದೋಷ ಅದೊಂದೇ ಟ್ಯಾಬ್ ಆಗಿತ್ತು.