ಮಿಲಿಟರಿ ಆಸ್ಪತ್ರೆಯಲ್ಲಿ ಕಾಂಟ್ರಾಕ್ಟ್ ಕೆಲಸ, ಒಪ್ಪಬಹುದಾ?

ಪ್ರಶ್ನೆ: ನಾನು ಅಮೆರಿಕದಲ್ಲಿರುವ ಕನ್ನಡಿಗ, ಹೃದಯ ಮತ್ತು ಎದೆಯ ಸರ್ಜನ್. ದಿನವೂ ಆಪರೇಷನ್ ಮಾಡಿ ಸಾಕಾಗಿದೆ. ತಿಂಗಳಿಗೆ ಹತ್ತು ದಿನ ಮಿಲಿಟರಿ ಆಸ್ಪತ್ರೆಯಲ್ಲಿ ಕಾಂಟ್ರಾಕ್ಟ್ ಕೆಲಸ ಇದೆಯಂತೆ. ಸೈನ್ಯ ಸೇರಬೇಕಾ? ಬೇರೆ ರಾಜ್ಯದ ಲೈಸೆನ್ಸ್ ಬೇಕಾ?

ಉತ್ತರ: ಸೈನ್ಯ ಸೇರಬೇಕಿಲ್ಲ, ಯೂನಿಫಾರ್ಮೂ ಇಲ್ಲ. ನೀವು ಸಿವಿಲಿಯನ್ ಆಗಿಯೇ ಇರುತ್ತೀರಿ. ಲೈಸೆನ್ಸ್ ವಿಷಯದಲ್ಲಂತೂ ನಿಮಗೆ ಅನುಕೂಲ: ಕೇಂದ್ರ ಸರ್ಕಾರದ ಆಸ್ಪತ್ರೆಯಾದ್ದರಿಂದ ಸಾಮಾನ್ಯವಾಗಿ ಯಾವುದಾದರೂ ಒಂದು ರಾಜ್ಯದ ಪೂರ್ತಿ ಲೈಸೆನ್ಸ್ ಸಾಕು. ಆದರೆ ಕಾಗದಪತ್ರ, ಹಿನ್ನೆಲೆ ತಪಾಸಣೆ ಮುಗಿಯುವಷ್ಟರಲ್ಲಿ ತಿಂಗಳುಗಳೇ ಹೋಗಬಹುದು, ಅಲ್ಲಿಯವರೆಗೆ ಈಗಿನ ಕೆಲಸ ಬಿಡಬೇಡಿ. ಕೆಲವು ಹುದ್ದೆಗೆ ಅಮೆರಿಕದ ಪೌರತ್ವವನ್ನೂ ಕೇಳುತ್ತಾರೆ.

ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಕಾಂಟ್ರಾಕ್ಟ್ ಯಾವ ಬಗೆಯದು ಅಂತ. 'ಪರ್ಸನಲ್ ಸರ್ವೀಸಸ್' (ಅಂದರೆ ಸರ್ಕಾರಿ ನೌಕರರ ಹಾಗೆ ಆಸ್ಪತ್ರೆಯವರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡುವ ಬಗೆ) ಆದರೆ ಚಿಕಿತ್ಸೆಯ ತಪ್ಪಿನ ದಾವೆ ಬಂದಾಗ ಸರ್ಕಾರವೇ ನಿಮ್ಮ ಜಾಗದಲ್ಲಿ ನಿಲ್ಲುತ್ತದೆ. ಆ ಬಗೆ ಅಲ್ಲದಿದ್ದರೆ ಅಂಥ ದಾವೆಗೆ ಇನ್ಶೂರೆನ್ಸ್ ನೀವೋ ನಿಮ್ಮನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಯೋ ಮಾಡಿಸಬೇಕು. ಕೆಲಸ ಬಿಟ್ಟ ಮೇಲೆ ಬರುವ ಕೇಸಿಗೂ ಅದು ಅನ್ವಯಿಸುತ್ತಾ ಕೇಳಿ.

ಇನ್ನೊಂದು. ಸೈನಿಕರು ಹೆಚ್ಚಾಗಿ ಚಿಕ್ಕ ವಯಸ್ಸಿನವರು ಅಲ್ವಾ, ಬೈಪಾಸ್ ಕೇಸುಗಳು ಬರುವುದು ಜಾಸ್ತಿ ನಿವೃತ್ತರಿಂದ. ವರ್ಷಕ್ಕೆ ಎಷ್ಟು ಕೇಸು ಕೇಳಿ, ಕೈ ಪಳಗಿರಬೇಕಲ್ಲ. ಹತ್ತನೇ ದಿನ ವಾಲ್ವ್ ಬದಲಿಸಿ ಹನ್ನೊಂದನೇ ದಿನ ವಿಮಾನ ಹತ್ತಿದರೆ ಐಸಿಯುನಲ್ಲಿ ರೋಗಿಯನ್ನು ನೋಡುವವರು ಯಾರು? ಅದನ್ನು ಬರೆಸಿಕೊಂಡೇ ಸಹಿ ಹಾಕಿ.